ಹಾಡು ಹೊಸಿಲವರೆಗೆ, ಮಾತು ಮನೆಯೊಳಗೆ

ಸಂಗೀತಕ್ಕೆ ಭಾಷೆಯ ಹಂಗಿಲ್ಲ ಎಂಬ ಮಾತನ್ನು ಸಭೆ ಸಮಾರಂಭಗಳಲ್ಲಿ ನಾವೆಲ್ಲರೂ ಅನೇಕ ಸಲ ಕೇಳಿದ್ದೇವೆ. ಅದು ಕಿವಿಗೆ ಹಿತವಾದ ಮಾತು. ಅರ್ಧದಷ್ಟು ನಿಜವೂ ಹೌದು. ಸ್ವರ ಗಡಿ ದಾಟುವುದಕ್ಕೆ ರಹದಾರಿ ಬೇಕಾಗಿಲ್ಲ. ಆದರೆ ಸ್ವರದ ಬೆನ್ನಿಗೆ ನುಡಿಯೂ ತಾನಾಗಿಯೇ ಗಡಿ ದಾಟಿ ಬರುವುದೆಂದು ನಂಬಿ ಕುಳಿತರೆ, ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರು ನಷ್ಟಕ್ಕೆ ಗುರಿಯಾಗುವುದು ನಿಶ್ಚಯ. ಅಹಮದಾಬಾದ್, ವಡೋದರಾ, ಸೂರತ್ ನಗರಗಳ ಕನ್ನಡ ಮನೆಗಳಲ್ಲಿ ದೇವರನಾಮ ಹಾಡಬಲ್ಲ ಮಕ್ಕಳಿಗೆ ಕೊರತೆಯಿಲ್ಲ. ಆ ದೇವರನಾಮದ ಅರ್ಥವನ್ನು ಕನ್ನಡದ ಎರಡು ವಾಕ್ಯಗಳಲ್ಲಿ ಹೇಳಬಲ್ಲ ಮಕ್ಕಳನ್ನು ಮಾತ್ರ ಹುಡುಕಬೇಕಾಗಿದೆ.

ಈ ಕೊರತೆಯನ್ನು ತುಂಬಲು ಒಂದು ಸುಲಭವಾದ ದಾರಿಯಿದೆಯೆಂದು ನನ್ನ ಅಭಿಪ್ರಾಯ. ನಮ್ಮ ಮಕ್ಕಳನ್ನೂ ಹೊರದೇಶಗಳಲ್ಲಿ ನಮ್ಮ ಸಂಗೀತವನ್ನು ಕಲಿಯುತ್ತಿರುವ ಮಕ್ಕಳನ್ನೂ ಹಾಡಿನ ಮೂಲಕ ಜೊತೆಗೂಡಿಸಿ, ಆ ಜೊತೆಯ ಆಸರೆಯಲ್ಲಿ ಕನ್ನಡವನ್ನು ಕಲಿಸುವುದೇ ಆ ದಾರಿ. ನಾನು ಸಂಗೀತಗಾರನಲ್ಲ, ಭಾಷಾಶಾಸ್ತ್ರಜ್ಞನೂ ಅಲ್ಲ. ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಲೆಕ್ಕ ನೋಡುವವನು. ಆದ್ದರಿಂದ ಈ ವಿಚಾರವನ್ನೂ ಲಾಭ, ನಷ್ಟ, ಖರ್ಚು, ಕಾಲ ಎಂಬ ಲೆಕ್ಕದ ದೃಷ್ಟಿಯಿಂದಲೇ ವಾಚಕರ ಮುಂದೆ ಇಡಲು ಬಯಸುತ್ತೇನೆ.

ವಡೋದರಾ ತೋರಿದ ದಾರಿ

ನಾವು ಇಂದು ವಾಸಿಸುತ್ತಿರುವ ನೆಲದಲ್ಲಿಯೇ ಈ ವಿಚಾರಕ್ಕೆ ನೂರು ವರ್ಷಕ್ಕೂ ಮಿಕ್ಕ ಹಿನ್ನೆಲೆಯಿದೆ. 1886ರಲ್ಲಿ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ವಡೋದರಾದಲ್ಲಿ ಗಾಯನಶಾಲೆಯನ್ನು ತೆರೆದಾಗ ಅದರ ಹೊಣೆ ಹೊತ್ತವರು ಉಸ್ತಾದ್ ಮೌಲಾ ಬಕ್ಷ್. ಇವರು ಅದಕ್ಕೆ ಬಹಳ ಮುನ್ನವೇ ಮೈಸೂರಿಗೆ ಹೋಗಿ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಮನ್ನಣೆ ಪಡೆದು, ಕರ್ನಾಟಕ ಸಂಗೀತವನ್ನೂ ಅಭ್ಯಾಸ ಮಾಡಿ ಬಂದವರು. ಗುರುವಿನ ಮನೆಯ ಸೊತ್ತಾಗಿದ್ದ ವಿದ್ಯೆಯನ್ನು ಅವರು ತರಗತಿ, ಪಠ್ಯ, ಸ್ವರಲಿಪಿಗಳ ಕಟ್ಟಿಗೆ ತಂದು ಸಾಮಾನ್ಯರ ಮಕ್ಕಳಿಗೂ ಎಟಕುವಂತೆ ಮಾಡಿದರು. ಆ ಶಾಲೆಯೇ ಬೆಳೆದು ಇಂದು ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದ ಪ್ರದರ್ಶಕ ಕಲೆಗಳ ವಿಭಾಗವಾಗಿದೆ. ಮೌಲಾ ಬಕ್ಷರ ಮೊಮ್ಮಗ ಇನಾಯತ್ ಖಾನ್ 1882ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಇಲ್ಲಿಯೇ ಕಲಿತು, 1910ರಲ್ಲಿ ವೀಣೆಯೊಡನೆ ಅಮೆರಿಕಕ್ಕೆ ತೆರಳಿದರು. ಪಶ್ಚಿಮದ ಜನರಿಗೆ ನಮ್ಮ ಸಂಗೀತದ ಪರಿಚಯ ಮಾಡಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. 1916ರಲ್ಲಿ ಪಂಡಿತ ಭಾತಖಂಡೆಯವರ ನೇತೃತ್ವದಲ್ಲಿ ಮೊದಲ ಅಖಿಲ ಭಾರತ ಸಂಗೀತ ಸಮ್ಮೇಳನ ಕೂಡಿದ್ದೂ ವಡೋದರಾದಲ್ಲಿಯೇ.

ಮೈಸೂರಿಗೂ ವಡೋದರಾಕ್ಕೂ ಇದ್ದ ಈ ಹೋಗಿಬರುವಿಕೆ ಒಬ್ಬರಿಗೆ ಮುಗಿಯಲಿಲ್ಲ. ವೈಣಿಕ ಶಿಖಾಮಣಿ ವೀಣೆ ಶೇಷಣ್ಣನವರನ್ನು ಸಯಾಜಿರಾಯರು ಪಲ್ಲಕ್ಕಿ ಕೊಟ್ಟು ಗೌರವಿಸಿದರು. ಶೇಷಣ್ಣನವರು ಮೈಸೂರಿನಲ್ಲಿ ಆ ಪಲ್ಲಕ್ಕಿಯೊಳಗೆ ತಮ್ಮ ವೀಣೆಯನ್ನು ಕೂರಿಸಿ ತಾವು ಪಕ್ಕದಲ್ಲಿ ನಡೆದು ಬಂದರೆಂಬ ಪ್ರಸಂಗವನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ವಡೋದರಾ ಆಸ್ಥಾನದಲ್ಲಿ ಕೆಲಕಾಲವಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮುಂದೆ ಮಿರಜದಲ್ಲಿ ನೆಲೆಸಿ, ಮೈಸೂರಿಗೆ ಹೋಗಿಬರುತ್ತ, ಕುಂದಗೋಳದ ರಾಮಭಾವು ಅವರಿಗೆ ವಿದ್ಯೆಯನ್ನು ಧಾರೆಯೆರೆದರು. ಅವರೇ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಂಥ ಶಿಷ್ಯರು ಬಂದರು. ಧಾರವಾಡ ಸೀಮೆಯ ಸಂಗೀತದ ಕಾಲುವೆಯೊಂದು ವಡೋದರಾದ ಮಾರ್ಗವಾಗಿ ಹರಿದಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಈ ಪಯಣಗಳಲ್ಲಿ ಒಂದು ಅಂಶ ಗಮನಾರ್ಹವಾಗಿದೆ. ಅಂದಿನ ಶಿಷ್ಯನು ಗುರುವಿನ ಮನೆಯಲ್ಲಿಯೇ ಇರುತ್ತಿದ್ದನು. ಬಾವಿಯ ನೀರು ಸೇದುವಾಗ, ಸಂತೆಗೆ ಹೋದಾಗ, ಊಟಕ್ಕೆ ಕುಳಿತಾಗ ಆ ಮನೆಯ ಮಾತು ಅವನ ಕಿವಿಗೆ ಬೀಳುತ್ತಿತ್ತು. ಹಾಡೂ ನುಡಿಯೂ ಒಂದೇ ಬಂಡಿಯಲ್ಲಿ ಬರುತ್ತಿದ್ದವು. ದೂರದೇಶದಿಂದ ಬಂದವರ ವಿಷಯದಲ್ಲಿಯೂ ಹೀಗೆಯೇ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಟಿ. ವಿಶ್ವನಾಥನ್ ಅವರಲ್ಲಿ ಕರ್ನಾಟಕ ಸಂಗೀತ ಕಲಿತ ಜಾನ್ ಹಿಗಿನ್ಸ್ ಮದರಾಸಿಗೆ ಬಂದು, ಇಲ್ಲಿನವರ ನಡುವೆಯೇ ಇದ್ದು ಸಾಧನೆ ಮಾಡಿದರು. 1984ರಲ್ಲಿ ಅವರು ಅಕಾಲ ಮರಣಕ್ಕೀಡಾದಾಗ ನಮ್ಮವರು ಅವರನ್ನು ಹಿಗಿನ್ಸ್ ಭಾಗವತರೆಂದೇ ನೆನೆದರು. ಯಮುನಾ ಕಲ್ಯಾಣಿಯಲ್ಲಿ ಅವರು ಹಾಡಿದ ವ್ಯಾಸರಾಯರ ಕೃಷ್ಣಪದವನ್ನು ಕೇಳಿದವರಿಗೆ ಹೊರದೇಶದ ನಾಲಿಗೆಯೂ ಕನ್ನಡಕ್ಕೆ ಎಷ್ಟು ಚೆನ್ನಾಗಿ ಒಗ್ಗಬಲ್ಲುದೆಂಬುದು ತಿಳಿಯುತ್ತದೆ.

ಇಂದು ಕಾಲ ಬದಲಾಗಿದೆ. ಪಾಠ ದೂರವಾಣಿಯ ಪರದೆಯ ಮೇಲೆ ನಡೆಯುತ್ತದೆ. ಒಂದು ಗಂಟೆ ಹಾಡು, ಅನಂತರ ಪರದೆ ಕತ್ತಲು. ಗುರುವಿನ ಮನೆಯ ಅಡುಗೆಕೋಣೆಯ ಮಾತಾಗಲಿ, ಬೀದಿಯ ಮಾತಾಗಲಿ ಶಿಷ್ಯನನ್ನು ಮುಟ್ಟುವುದಿಲ್ಲ. ಹಾಡು ಮಾತ್ರ ಪ್ರಯಾಣ ಮಾಡುತ್ತದೆ, ಮಾತು ಹಿಂದೆಯೇ ಉಳಿಯುತ್ತದೆ. ಹಿಂದೆ ತಾನಾಗಿಯೇ ಸಿಗುತ್ತಿದ್ದುದನ್ನು ಈಗ ನಾವು ಬುದ್ಧಿಪೂರ್ವಕವಾಗಿ ಒದಗಿಸಬೇಕಾಗಿದೆ.

ಅರ್ಥ ಹಿಂದುಳಿದ ಹಾಡು

ಹಾಡು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಗುಜರಾತೇ ಸಾಕ್ಷಿ. 2018ರಲ್ಲಿ ಗಾಂಧೀಜಿಯವರ ನೂರೈವತ್ತನೆಯ ಜನ್ಮವರ್ಷಾಚರಣೆ ಆರಂಭವಾದಾಗ, ಅವರಿಗೆ ಪ್ರಿಯವಾಗಿದ್ದ ನರಸಿಂಹ ಮೆಹತಾರ ಗುಜರಾತಿ ಭಜನೆಯನ್ನು 124 ದೇಶಗಳ ಕಲಾವಿದರು ಹಾಡಿದರು. ಹದಿನೈದನೆಯ ಶತಮಾನದ ಜುನಾಗಢದ ಕವಿಗೆ ಇದಕ್ಕಿಂತ ದೊಡ್ಡ ಮೆರವಣಿಗೆ ಮತ್ತಾವುದಿದ್ದೀತು? ಹಾಗೆಯೇ ಗರ್ಬಾ. 2023ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸುವುದಕ್ಕೆ ಮುಂಚೆಯೇ ಗುಜರಾತಿ ಬಂಧುಗಳು ಅದನ್ನು ಲೆಸ್ಟರಿಗೂ ನ್ಯೂಜರ್ಸಿಗೂ ನೈರೋಬಿಗೂ ಕೊಂಡೊಯ್ದಿದ್ದರು. ಆದರೆ ಆ ದೇಶಗಳಲ್ಲಿ ನೆಲೆಸಿದ ಮಕ್ಕಳ ವಿಷಯ ಬಂದಾಗ ನಮ್ಮ ಗುಜರಾತಿ ನೆರೆಹೊರೆಯವರೂ ನಮ್ಮ ಹಾಗೆಯೇ ನಿಟ್ಟುಸಿರು ಬಿಡುತ್ತಾರೆ: ಮೊಮ್ಮಕ್ಕಳು ಒಂಬತ್ತು ರಾತ್ರಿ ತಪ್ಪದೆ ಕುಣಿಯುತ್ತಾರೆ, ಅಜ್ಜಿಯೊಡನೆ ಮಾತಾಡಲು ಮಾತ್ರ ಅವರಿಗೆ ಭಾಷೆಯಿಲ್ಲ.

ಕನ್ನಡದ ವಿಷಯದಲ್ಲಂತೂ ಒಂದು ವಿಚಿತ್ರ ಪರಿಸ್ಥಿತಿಯಿದೆ. ಕರ್ನಾಟಕ ಸಂಗೀತದ ಪಿತಾಮಹರೆನಿಸಿದ ಪುರಂದರದಾಸರು ಬಾಲಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕ್ರಮಗೊಳಿಸಿದರೆಂದು ಸಂಪ್ರದಾಯ ಹೇಳುತ್ತದೆ. ಸರಳೆ, ಜಂಟಿವರಸೆ, ಅಲಂಕಾರಗಳು ಮುಗಿದ ಕೂಡಲೆ ಬರುವುದು ಅವರ ಮಲಹರಿ ರಾಗದ ಪಿಳ್ಳಾರಿ ಗೀತೆಗಳು. ಚೆನ್ನೈಯ ಮಗುವಾಗಲಿ, ಯಾಳ್ಪಾಣದ ಮಗುವಾಗಲಿ, ಸಿಂಗಪುರ, ಲಂಡನ್, ಟೊರಾಂಟೊ ನಗರಗಳ ಮಗುವಾಗಲಿ, ಕರ್ನಾಟಕ ಸಂಗೀತಕ್ಕೆ ಕುಳಿತರೆ ಸ್ವರಗಳಾದ ಮೇಲೆ ಅದರ ಬಾಯಿಗೆ ಬರುವ ಮೊದಲ ಸಾಹಿತ್ಯದಲ್ಲಿಯೇ ಕನ್ನಡದ ನುಡಿಗಳಿರುತ್ತವೆ. ಜಗತ್ತಿನಲ್ಲಿ ಹೀಗೆ ಬೇರೆ ಭಾಷೆಯವರ ಮಕ್ಕಳ ಬಾಯಲ್ಲಿಯೂ ತಲೆಮಾರುಗಳಿಂದ ನೆಲೆಸಿರುವ ಭಾಷೆಗಳು ಎಷ್ಟಿವೆ? ಇಷ್ಟು ದೊಡ್ಡ ಆಸ್ತಿ ನಮ್ಮದಾಗಿದ್ದರೂ ಅದರಿಂದ ನಾವು ಒಂದು ಕಾಸಿನ ಬಡ್ಡಿಯನ್ನೂ ಪಡೆದಿಲ್ಲ.

ಆ ಗೀತೆಗಳಲ್ಲೊಂದರಲ್ಲಿ ಕೆರೆ ಎಂಬ ಪದ ಬರುತ್ತದೆ, ನೀರು ಎಂಬ ಪದ ಬರುತ್ತದೆ. ಹಾಡುವ ಮಗುವಿಗೆ ಕೆರೆಯೆಂದರೇನೆಂದು ಯಾರೂ ಹೇಳಿರುವುದಿಲ್ಲ. ಅದಕ್ಕೆ ಅದು ಸ್ವರಗಳ ಕೆಳಗೆ ಬರೆದ ಎರಡು ಅಕ್ಷರ, ಅಷ್ಟೆ. ತಮಿಳು ಅಥವಾ ಗುಜರಾತಿ ಮಗುವಿಗೆ ಹಾಗಾದರೆ ಅಚ್ಚರಿಯಿಲ್ಲ. ನಮ್ಮ ಮನೆಯ ಮಗುವಿಗೂ ಹಾಗೆಯೇ ಆಗಿರುವುದು ಚಿಂತೆಯ ವಿಷಯ. ಅಹಮದಾಬಾದಿನ ನಮ್ಮ ಮಗು ಕಾಂಕರಿಯಾ ತಳಾವ್ ನೋಡಿದೆ, ವಡೋದರಾದ ಮಗು ಸುರ್‌ಸಾಗರವನ್ನು ದಿನವೂ ದಾಟುತ್ತದೆ, ಸೂರತ್ತಿನ ಮಗುವಿಗೆ ಗೋಪಿ ತಳಾವ್ ಗೊತ್ತು. ‘ತಳಾವ್’ ಎಂಬುದನ್ನೇ ನಮ್ಮ ಮಾತಿನಲ್ಲಿ ಕೆರೆ ಎನ್ನುತ್ತಾರೆ ಎಂಬ ಒಂದೇ ವಾಕ್ಯವನ್ನು ಅದಕ್ಕೆ ಹೇಳುವವರಿಲ್ಲ.

ನಮ್ಮ ಮನೆಗಳ ಸ್ಥಿತಿ

ಇದಕ್ಕೆ ತಾಯಿತಂದೆಯರನ್ನು ದೂರುವುದು ಸರಿಯಲ್ಲ. ರಿಫೈನರಿ, ರಸಗೊಬ್ಬರ, ತೈಲ, ಜವಳಿ, ಬ್ಯಾಂಕು ಎಂದು ಹೊಟ್ಟೆಪಾಡಿಗಾಗಿ ಬಂದವರು ನಾವು. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು, ಸಯಾಜಿರಾಯರು 1908ರಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದಲ್ಲಿ 2019ರ ಏಪ್ರಿಲ್ 1ರಂದು ವಿಲೀನವಾಯಿತು. ಕರಾವಳಿಯ ಬ್ಯಾಂಕು ಮತ್ತು ವಡೋದರಾದ ಬ್ಯಾಂಕು ಒಂದೇ ಸಂಸ್ಥೆಯಾದವು. ವರ್ಗಾವಣೆಯ ನೌಕರಿಯಲ್ಲಿ ಮಗುವಿನ ಶಾಲೆ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ಇದೆ, ಹಿಂದಿ ಇದೆ. 2023ರ ಕಾಯಿದೆಯ ಮೇರೆಗೆ ಗುಜರಾತಿನ ಎಲ್ಲ ಮಂಡಳಿಗಳ ಶಾಲೆಗಳಲ್ಲಿಯೂ 1ರಿಂದ 8ನೆಯ ತರಗತಿಯವರೆಗೆ ಗುಜರಾತಿ ಕಡ್ಡಾಯವಾಗಿದೆ. ಇದು ಯೋಗ್ಯವಾದ ಕಾಯಿದೆ. ಅನ್ನ ಕೊಟ್ಟ ನಾಡಿನ ಭಾಷೆಯನ್ನು ನಮ್ಮ ಮಕ್ಕಳು ಕಲಿಯಲೇಬೇಕು. ಆದರೆ ಶಾಲೆಯ ವೇಳಾಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಳ ದೊರಕುವ ಆಸೆಯನ್ನು ನಾವು ಬಿಡುವುದೇ ಲೇಸು.

ಸೂರತ್ ನಗರಪಾಲಿಕೆ ಗುಜರಾತಿಯಲ್ಲದೆ ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು ಮಾಧ್ಯಮಗಳಲ್ಲಿಯೂ ಶಾಲೆಗಳನ್ನು ನಡೆಸುತ್ತ ಬಂದಿದೆ. ಮಗ್ಗಗಳಲ್ಲಿ ದುಡಿಯಲು ಬಂದ ಒಡಿಯಾ, ತೆಲುಗು ಕುಟುಂಬಗಳು ಅಲ್ಲಿ ಬಹಳ. ನಮ್ಮ ಸಂಖ್ಯೆ ಅಷ್ಟಿಲ್ಲ. ಸಂಖ್ಯೆ ಕುಗ್ಗಿದಾಗ ಇದ್ದ ಶಾಲೆಯೂ ನಿಲ್ಲುವುದಿಲ್ಲ. ಅಹಮದಾಬಾದಿನ ಮಣಿನಗರದಲ್ಲಿದ್ದ ತಮಿಳು ಮಾಧ್ಯಮದ ಶಾಲೆಯನ್ನು ಮಕ್ಕಳ ಕೊರತೆಯ ಕಾರಣದಿಂದ 2020ರಲ್ಲಿ ಮುಚ್ಚಲಾಯಿತು. ತಮಿಳುನಾಡಿನ ಮುಖ್ಯಮಂತ್ರಿಗಳೇ ಗುಜರಾತಿನ ಮುಖ್ಯಮಂತ್ರಿಗಳಿಗೆ ಪತ್ರ ಬರೆಯಬೇಕಾಯಿತು. ಸಂಘಟನೆಯಲ್ಲಿ ನಮಗಿಂತ ಮುಂದಿರುವ ತಮಿಳರಿಗೇ ಹೀಗಾದರೆ ನಮ್ಮ ಮಾತೇನು?

ಬ್ಯಾಂಕಿನ ನಿಯಮವೊಂದು ಇಲ್ಲಿ ನೆನಪಿಗೆ ಬರುತ್ತದೆ. ಎರಡು ವರ್ಷಕ್ಕೂ ಮಿಕ್ಕಿ ಖಾತೆದಾರ ವ್ಯವಹಾರವನ್ನೇ ಮಾಡದಿದ್ದರೆ ಉಳಿತಾಯ ಖಾತೆ ನಿಷ್ಕ್ರಿಯವೆನಿಸುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಆ ಹಣ 2014ರಲ್ಲಿ ರಿಸರ್ವ್ ಬ್ಯಾಂಕು ಏರ್ಪಡಿಸಿದ ನಿಧಿಗೆ ಹೋಗುತ್ತದೆ. ಆಮೇಲೂ ವಾರಸುದಾರನು ದಾಖಲೆ ತೋರಿಸಿದರೆ ಹಣ ಮರಳಿ ಬರುತ್ತದೆ. ಮನೆಮಾತಿನ ಖಾತೆಗೆ ಅಂಥ ನಿಧಿ ಇಲ್ಲ. ಅಜ್ಜ ಅಜ್ಜಿಯರು ಇರುವಷ್ಟು ಕಾಲ ಖಾತೆ ನಿಷ್ಕ್ರಿಯವಾಗಿದ್ದರೂ ಜೀವಂತವಾಗಿರುತ್ತದೆ. ಅವರ ಕಾಲ ಮುಗಿದ ಮೇಲೆ ಅದನ್ನು ಬಿಡಿಸಿಕೊಳ್ಳಲು ದಾಖಲೆ ತೋರಿಸುವವರೇ ಇರುವುದಿಲ್ಲ. ಧಾರವಾಡದಿಂದಲೋ ಹಾಸನದಿಂದಲೋ ಮಗನ ಮನೆಗೆಂದು ಬಂದು, ಹಗಲೆಲ್ಲ ಬಾಲ್ಕನಿಯಲ್ಲಿ ಕುಳಿತು, ಶಾಲೆಯಿಂದ ಬಂದ ಮೊಮ್ಮಗುವಿನೊಡನೆ ಕೈಸನ್ನೆಯಿಂದ ಮಾತಾಡುವ ವೃದ್ಧರು ನಮ್ಮ ಸದಸ್ಯರ ಮನೆಗಳಲ್ಲಿ ಎಷ್ಟು ಮಂದಿಯಿಲ್ಲ? ಅವರಿಗೂ ಒಂದು ಕೆಲಸ ಬೇಕಾಗಿದೆ. ನಮಗೆ ಶಿಕ್ಷಕರು ಬೇಕಾಗಿದ್ದಾರೆ.

ಯೋಜನೆಯ ರೂಪರೇಷೆ

ನನ್ನ ಸಲಹೆ ಇಷ್ಟು. ಮೂರೂ ನಗರಗಳ ಸಂಘಗಳು ತಲಾ ಎಂಟು ಮಕ್ಕಳನ್ನು ಆರಿಸಲಿ. ಒಟ್ಟು 24 ಮಕ್ಕಳಾದರು. ಅಷ್ಟೇ ಸಂಖ್ಯೆಯ ಮಕ್ಕಳನ್ನು ಹೊರದೇಶಗಳ ಕನ್ನಡ ಕೂಟಗಳಿಂದಲೂ ಸಂಗೀತ ಶಾಲೆಗಳಿಂದಲೂ ಹುಡುಕಿ ಇಬ್ಬಿಬ್ಬರ ಜೊತೆ ಮಾಡೋಣ. ಅಲ್ಲಿಯೂ ನಮ್ಮಂತೆಯೇ ಚಿಂತಿಸುವವರಿದ್ದಾರೆ. ದುಬೈಯಲ್ಲಿ ಸ್ವಯಂಸೇವಕರು 2014ರಲ್ಲಿ ಕನ್ನಡ ಪಾಠಶಾಲೆಯನ್ನು ಆರಂಭಿಸಿ ಉಚಿತವಾಗಿ ಅಕ್ಷರ ಕಲಿಸಿದರು. ಅಮೆರಿಕ, ಇಂಗ್ಲೆಂಡುಗಳಲ್ಲಿಯೂ ಕನ್ನಡ ಕಲಿ ತರಗತಿಗಳಿವೆ. ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಬೋಧಿಸಿದ ರಾಬರ್ಟ್ ಝೈಡೆನ್‌ಬಾಸ್ ಅವರು ಆಧುನಿಕ ಕನ್ನಡವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಕೈಪಿಡಿ 2020ರಲ್ಲಿ ಪ್ರಕಟವಾಗಿ, ಯಾರು ಬೇಕಾದರೂ ಅಂತರಜಾಲದಲ್ಲಿ ಹಣ ಕೊಡದೆ ಓದುವಂತಿದೆ. ಸಾಮಗ್ರಿಗೆ ಕೊರತೆಯಿಲ್ಲವೆಂದಾಯಿತು. ಕೊರತೆಯಿರುವುದು ಜೊತೆಗೆ.

ತಿಂಗಳಿಗೆ ಒಂದೇ ಹಾಡು ಸಾಕು. ಕರ್ನಾಟಕ ಪದ್ಧತಿಯವರಿಗೆ ಗೀತೆ. ಹಿಂದುಸ್ತಾನಿ ಕಲಿಯುವವರಿಗೆ ದಾಸರ ಪದ ಅಥವಾ ವಚನ. ಶಾಸ್ತ್ರೀಯ ಸಂಗೀತ ಬೇಡವೆನ್ನುವವರಿಗೆ ಭಾವಗೀತೆ. ಗುಜರಾತಿಯಲ್ಲಿಯೂ ಇಂಥ ಗಾಯನವನ್ನು ನಮ್ಮಂತೆಯೇ ಸುಗಮ ಸಂಗೀತವೆಂದು ಕರೆಯುತ್ತಾರೆ; ಅಲ್ಲಿ ಅವಿನಾಶ್ ವ್ಯಾಸ್ ಇದ್ದಂತೆ ನಮ್ಮಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಇದ್ದರು. ಮೊದಲ ವಾರ ಹಾಡನ್ನು ಹಾಡದೆ, ಗದ್ಯದಂತೆ ಓದಿ ಪದಗಳ ಅರ್ಥ ತಿಳಿಯುವುದು. ಎರಡನೆಯ ವಾರ ಸ್ವರ. ಮೂರನೆಯ ವಾರ ಜೊತೆಯ ಮಕ್ಕಳಿಬ್ಬರೂ ಆ ಹಾಡಿನ ಪದಗಳನ್ನೇ ಹಿಡಿದು ಕನ್ನಡದಲ್ಲಿ ಮಾತಾಡುವುದು. ನಾಲ್ಕನೆಯ ವಾರ ಎಲ್ಲರೆದುರು ಹಾಡಿ, ಅರ್ಥ ಹೇಳುವುದು.

ಓದಿದ ಮೇಲೆಯೇ ಹಾಡಬೇಕೆಂಬುದಕ್ಕೆ ಕಾರಣವಿದೆ. ಗುಜರಾತಿ ಬಲ್ಲ ನಮ್ಮ ಮಕ್ಕಳಿಗೆ ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ ಗೊತ್ತು. ಇಂಗ್ಲಿಷ್ ನಾಡಿನಲ್ಲಿ ಬೆಳೆದ ಮಗುವಿಗೆ ಕಷ್ಟವಾಗುವ ‘ಳ’ಕಾರವೂ ಗುಜರಾತಿಯಲ್ಲಿದೆ. ಆದರೆ ಎ, ಏ ಮತ್ತು ಒ, ಓ ಎಂಬ ಹ್ರಸ್ವ ದೀರ್ಘಗಳನ್ನು ಬೇರೆ ಬೇರೆ ಅಕ್ಷರಗಳಾಗಿ ಗುಜರಾತಿ ಎಣಿಸುವುದಿಲ್ಲ. ಇನ್ನು ಹಾಡಿನಲ್ಲಂತೂ ತಾಳದ ಅಗತ್ಯಕ್ಕೆ ಹ್ರಸ್ವವನ್ನೂ ಎಳೆಯುತ್ತೇವೆ. ಹಾಡಿನಿಂದ ಮಾತ್ರ ಕನ್ನಡ ಕಲಿತ ಮಗು ಕೆರೆಯನ್ನು ಕೇರೆ ಎಂದೀತು; ಕೆರೆ ನೀರಿನದು, ಕೇರೆ ಹಾವು! ಹಾಡು ನಾಲಿಗೆಯನ್ನು ಪಳಗಿಸುತ್ತದೆ. ಮಾತ್ರೆಯನ್ನು ಮಾತೇ ಕಲಿಸಬೇಕು.

ಮೂರನೆಯ ವಾರದ ಮಾತುಕತೆ ಹೇಗಿರಬೇಕೆಂದು ಒಂದು ಉದಾಹರಣೆ ಕೊಡುತ್ತೇನೆ. ‘ನಿಮ್ಮ ಊರಿನಲ್ಲಿ ಕೆರೆ ಇದೆಯೇ? ಅದರ ಹೆಸರೇನು? ಯಾರು ಕಟ್ಟಿಸಿದರು? ಅದರ ನೀರು ಯಾರಿಗೆ? ನೀನು ಅಲ್ಲಿ ಏನು ನೋಡಿದೆ?’ ಹೀಗೆ ಐದು ಪ್ರಶ್ನೆಗಳು. ಅಹಮದಾಬಾದಿನ ಮಗು ಉತ್ತರಕ್ಕಾಗಿ ಅಜ್ಜನನ್ನು ಕೇಳುತ್ತದೆ. ಅಜ್ಜ ಕಾಂಕರಿಯಾವನ್ನು ಹೇಳಬಹುದು. ಧೋಳಕಾದ ಮಲಾವ್ ತಳಾವನ್ನು ಕಟ್ಟಿಸಿದಳೆಂದು ಪ್ರತೀತಿಯಿರುವ ಸಿದ್ಧರಾಜ ಜಯಸಿಂಹನ ತಾಯಿ ಮೀನಳದೇವಿ ನಮ್ಮ ಕದಂಬ ವಂಶದ ಜಯಕೇಶಿಯ ಮಗಳೆಂಬುದನ್ನೂ ಹೇಳಬಹುದು. ಒಂಬೈನೂರು ವರ್ಷಗಳ ಹಿಂದೆ ನಮ್ಮ ಸೀಮೆಯಿಂದ ಗುಜರಾತಿಗೆ ಸೊಸೆಯಾಗಿ ಬಂದವಳೊಬ್ಬಳ ಹೆಸರಿನ ಕೆರೆ ಇಲ್ಲಿದೆಯೆಂದು ತಿಳಿದ ಮಗುವಿಗೆ, ತಾನು ಇಲ್ಲಿ ಹೊರಗಿನವನೆಂಬ ಭಾವನೆ ಸ್ವಲ್ಪವಾದರೂ ಕಡಿಮೆಯಾಗದೆ ಇರದು. ಆ ಕಥೆಯನ್ನು ಅದು ಲಂಡನ್ನಿನ ಗೆಳತಿಗೆ ಹೇಳಬೇಕು, ಕನ್ನಡದಲ್ಲಿ.

ಕಾಲದ ಲೆಕ್ಕವೂ ಹೊಂದುತ್ತದೆ. ಶನಿವಾರ ಸಂಜೆ ನಮ್ಮಲ್ಲಿ 7 ಗಂಟೆಯಾದಾಗ ದುಬೈಯಲ್ಲಿ ಸಂಜೆ 5-30. ಲಂಡನ್ನಿನಲ್ಲಿ ಚಳಿಗಾಲವಾದರೆ ಮಧ್ಯಾಹ್ನ 1-30, ಬೇಸಿಗೆಯಾದರೆ 2-30. ನ್ಯೂಯಾರ್ಕ್, ಟೊರಾಂಟೊಗಳಲ್ಲಿ ಬೆಳಿಗ್ಗೆ 8-30 ಅಥವಾ 9-30. ಭಾನುವಾರ ಬೆಳಿಗ್ಗೆ ನಮ್ಮ 9 ಗಂಟೆ ಸಿಂಗಪುರಕ್ಕೆ 11-30, ಸಿಡ್ನಿ ಮೆಲ್ಬರ್ನ್‌ಗಳಿಗೆ ಮಧ್ಯಾಹ್ನ, ಕ್ಯಾಲಿಫೋರ್ನಿಯಕ್ಕೆ ಶನಿವಾರದ ರಾತ್ರಿಯೂಟದ ಹೊತ್ತು. ವಾರಕ್ಕೆ ಎರಡು ತರಗತಿಗಳಲ್ಲಿ ಭೂಗೋಳವನ್ನೆಲ್ಲ ಸುತ್ತಿ ಬಂದಂತಾಯಿತು.

ತಾಂತ್ರಿಕವಾದ ಒಂದು ಮಿತಿಯನ್ನು ಮೊದಲೇ ತಿಳಿದಿರಬೇಕು. ಅಂತರಜಾಲದಲ್ಲಿ ದೂರದ ಇಬ್ಬರು ಒಟ್ಟಿಗೆ ಹಾಡಲಾಗದು. ದನಿ ಹೋಗಿ ತಲುಪುವುದರೊಳಗೆ ಸೆಕೆಂಡಿನ ಒಂದು ಅಂಶ ಕಳೆದಿರುತ್ತದೆ. ಮಾತಿಗೆ ಅದು ತಿಳಿಯುವುದಿಲ್ಲ, ತಾಳವನ್ನು ಮಾತ್ರ ಕೆಡಿಸುತ್ತದೆ. ಆದರೆ ನಮ್ಮ ಪಾಠಕ್ರಮವೇ ಗುರು ಹಾಡಿದ್ದನ್ನು ಶಿಷ್ಯ ಆಮೇಲೆ ಹೇಳುವುದಲ್ಲವೇ? ಒಬ್ಬರು ಹಾಡಿ ನಿಲ್ಲಿಸಿದ ಮೇಲೆ ಇನ್ನೊಬ್ಬರು ಹಾಡಿದರೆ ಯಾವ ತೊಡಕೂ ಇಲ್ಲ.

ಇನ್ನು ಹಣದ ವಿಷಯ. ವರ್ಷದಲ್ಲಿ ಹತ್ತು ತಿಂಗಳು, ವಾರಕ್ಕೆ ಎರಡು ತರಗತಿ. ಒಟ್ಟು 80 ಗಂಟೆ. ಸಂಗೀತ ಶಿಕ್ಷಕರಿಗೆ ಗಂಟೆಗೆ 500 ರೂಪಾಯಿ ಗೌರವಧನವೆಂದರೂ ವರ್ಷಕ್ಕೆ 40,000 ರೂಪಾಯಿ. ಮೂರು ಸಂಘಗಳಿಗೆ ಹಂಚಿದರೆ ತಲಾ ಹದಿಮೂರು ಸಾವಿರ ಚಿಲ್ಲರೆ. ರಾಜ್ಯೋತ್ಸವದ ಒಂದು ಸಂಜೆಯ ಪೆಂಡಾಲು, ಧ್ವನಿವರ್ಧಕ, ಊಟಗಳ ಲೆಕ್ಕಪತ್ರ ನೋಡಿದವರಿಗೆ ಈ ಮೊತ್ತ ದೊಡ್ಡದೆನಿಸಲಾರದು. ಪ್ರತಿಫಲವೋ? ಹಾಡೊಂದಕ್ಕೆ ಇಪ್ಪತ್ತು ಹೊಸ ಪದಗಳೆಂದರೆ ವರ್ಷಕ್ಕೆ 200, ಐದು ವರ್ಷಕ್ಕೆ 1000. ಆವರ್ತ ಠೇವಣಿಯ ಕಂತಿನಂತೆ ಚಿಕ್ಕದು, ತಪ್ಪದೆ ಕಟ್ಟಿದರೆ ಮಾತ್ರ ಕೂಡುವಂಥದು. ಸಾವಿರ ಪದ ಬಲ್ಲ ಮಗು ಕಾದಂಬರಿ ಓದಲಾರದು, ನಿಜ. ಅಜ್ಜಿಯೊಡನೆ ಒಂದು ಗಂಟೆ ಹರಟೆ ಹೊಡೆಯಬಲ್ಲುದು.

ಕೆಲವು ಆಕ್ಷೇಪಗಳು

ಈ ಯೋಜನೆಗೆ ಆಕ್ಷೇಪಗಳು ಬಾರದೆ ಇರವು. ಕರ್ನಾಟಕದಲ್ಲಿರುವ ನೆಂಟರ ಮಕ್ಕಳೊಡನೆಯೇ ಜೊತೆ ಮಾಡಬಾರದೇ ಎಂದು ಕೆಲವರು ಕೇಳಬಹುದು. ಮಾಡಬಹುದು, ಆದರೆ ಎರಡನೆಯ ಹಂತದಲ್ಲಿ. ರಜೆಗೆ ಊರಿಗೆ ಹೋದ ನಮ್ಮ ಮಕ್ಕಳ ತೊದಲು ಕನ್ನಡಕ್ಕೆ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು ನಕ್ಕುಬಿಡುತ್ತಾರೆ. ಆ ನಗೆಯ ಭಯದಿಂದಲೇ ಎಷ್ಟೋ ಮಕ್ಕಳು ಬಾಯಿ ಮುಚ್ಚಿಕೊಂಡು ಹಿಂದಿರುಗುತ್ತಾರೆ. ಹೊರದೇಶದ ಮಗುವೂ ನಮ್ಮದರಂತೆಯೇ ತೊದಲುವುದು. ಇಬ್ಬರೂ ತೊದಲುವಾಗ ನಾಚಿಕೆಗೆ ಸ್ಥಳವಿಲ್ಲ.

ಹಾಗಾದರೆ ಇಬ್ಬರೂ ಇಂಗ್ಲಿಷಿಗೆ ಜಾರುವುದಿಲ್ಲವೇ? ಇದು ತೂಕದ ಆಕ್ಷೇಪ. ಬಿಟ್ಟರೆ ಜಾರುವುದು ಖಂಡಿತ. ಆದ್ದರಿಂದಲೇ ಹಾಡು ಬೇಕು. ಬರಿಯ ಹರಟೆಗೆ ಯಾವ ಭಾಷೆಯಾದರೂ ಆದೀತು; ಹಾಡಿನ ಸಾಹಿತ್ಯವನ್ನು ಇಂಗ್ಲಿಷಿನಲ್ಲಿ ಹಾಡಲಾಗದು. ಹಾಡಿನ ಪದಗಳಿಗೇ ಕಟ್ಟಿಹಾಕಿದ ಐದು ಪ್ರಶ್ನೆಗಳು, ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು, ಇಪ್ಪತ್ತು ನಿಮಿಷಗಳ ಮಿತಿ ಇಷ್ಟಿದ್ದರೆ ಕನ್ನಡ ಉಳಿಯುತ್ತದೆ. ಇಷ್ಟಲ್ಲದೆ, ಜೊತೆಗಾರರಲ್ಲಿ ಕೆಲವರಾದರೂ ಕನ್ನಡೇತರರಾಗಿರಲಿ ಎಂಬುದು ನನ್ನ ವಿಶೇಷ ಸೂಚನೆ. ಸಿಂಗಪುರದ ತಮಿಳು ಹುಡುಗನೊಬ್ಬ ತಾನು ಹಾಡುವ ಗೀತೆಯ ಅರ್ಥವೇನೆಂದು ಕೇಳಿದಾಗ ಸೂರತ್ತಿನ ನಮ್ಮ ಹುಡುಗಿ ಹೇಳಬೇಕಾಗುತ್ತದೆ. ಈವರೆಗೆ ಮನೆಯವರ ಒತ್ತಾಯಕ್ಕೆ ಕಲಿಯುತ್ತಿದ್ದ ಭಾಷೆ ಆ ಕ್ಷಣದಿಂದ ಅವಳ ಕೈಯಲ್ಲಿರುವ, ಬೇರೆಯವರಿಗೆ ಬೇಕಾಗಿರುವ ಸೊತ್ತಾಗುತ್ತದೆ. ಕಲಿಸುವವನೇ ಹೆಚ್ಚು ಕಲಿಯುತ್ತಾನೆಂಬುದು ಹಳೆಯ ಮಾತು.

ಮಕ್ಕಳ ಮೇಲೆ ಈಗಾಗಲೇ ಮೂರು ಭಾಷೆಗಳ ಭಾರವಿದೆ, ನಾಲ್ಕನೆಯದೇಕೆ ಎಂಬುದು ಮತ್ತೊಂದು ಆಕ್ಷೇಪ. ಈ ಸಂಚಿಕೆಯಲ್ಲಿ ಆರೋಗ್ಯ ಲೇಖನಗಳನ್ನು ಓದುವ ವಾಚಕರಿಗೆ ಇಲ್ಲೊಂದು ವಿಷಯ ರುಚಿಸಬಹುದು. ಹೈದರಾಬಾದಿನ ನಿಜಾಮ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮುಪ್ಪಿನ ಮರೆವಿನ ರೋಗವಿದ್ದ 648 ಜನರನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಆ ರೋಗ ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡುಬಂದಿತು. ಭಾಷೆ ಕಲಿತರೆ ಮರೆವು ಬಾರದೆಂದು ಇದರ ಅರ್ಥವಲ್ಲ. ಎಲ್ಲ ಅಧ್ಯಯನಗಳೂ ಇದೇ ಫಲವನ್ನು ಕೊಟ್ಟಿಲ್ಲ. ಹೆಚ್ಚು ಭಾಷೆಗಳಿಂದ ತಲೆಗೆ ಕೇಡೆಂಬ ಅಂಜಿಕೆಯನ್ನಂತೂ ಬಿಡಬಹುದು. ಮನೆಯ ಹಿರಿಯರಿಗೆ ವಾರಕ್ಕೆ ಎರಡು ಗಂಟೆ ಕಲಿಸುವ ಕೆಲಸ, ಕೇಳುವ ಕಿವಿ, ಎದುರುನೋಡುವ ಒಂದು ದಿನ ದೊರೆತರೆ ಅದು ಔಷಧವಲ್ಲದಿದ್ದರೂ ಪಥ್ಯವೆನ್ನಲು ಅಡ್ಡಿಯಿಲ್ಲ.

ಕೊನೆಯ ಮಾತು

ಗುಜರಾತಿಗೆ ಬಂದ ಹೊಸತರಲ್ಲಿ ನಾವೆಲ್ಲರೂ ಕಲಿತ ಮೊದಲ ಮಾತು ‘ಕೇಮ್ ಛೋ’. ಆ ಒಂದು ಮಾತಿಗೆ ಗ್ರಾಹಕರ ಮುಖ ಅರಳುತ್ತದೆ. ಆದರೆ ಅವರು ಸಾಲದ ಕಷ್ಟ ಹೇಳಿಕೊಳ್ಳಲು ಆರಂಭಿಸಿದ ಮೇಲೆ ‘ಕೇಮ್ ಛೋ’ ಸಾಲುವುದಿಲ್ಲ, ಭಾಷೆಯೇ ಬೇಕು. ಹಾಡು ನಮ್ಮ ಮಕ್ಕಳನ್ನು ಕನ್ನಡದ ಹೊಸಿಲವರೆಗೆ ತಂದು ನಿಲ್ಲಿಸಿದೆ. ಹೊರದೇಶಗಳ ಎಷ್ಟೋ ಮಕ್ಕಳನ್ನೂ ಅಲ್ಲಿಯವರೆಗೆ ಕರೆತಂದಿದೆ. ಬಾಗಿಲು ತೆರೆದು ಒಳಗೆ ಕರೆಯುವ ಕೆಲಸ ದಾಸರದಲ್ಲ, ಸರ್ಕಾರದ್ದಲ್ಲ, ನಮ್ಮದು.

ಮೂರೂ ನಗರಗಳ ಸಂಘಗಳ ಕಾರ್ಯಕಾರಿ ಸಮಿತಿಗಳು ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ನನ್ನ ವಿನಂತಿ. ಮೊದಲ ವರ್ಷಕ್ಕೆ 24 ಮಕ್ಕಳು, ಹತ್ತು ಹಾಡುಗಳು, ಆರು ಮಂದಿ ಹಿರಿಯರು ಸಾಕು. ಸದಸ್ಯರಲ್ಲಿ ಸಂಗೀತ ಬಲ್ಲವರು ತಮ್ಮ ಹೆಸರನ್ನೂ, ಅಜ್ಜ ಅಜ್ಜಿಯರಿರುವ ಮನೆಯವರು ಅವರ ಹೆಸರನ್ನೂ ಸಂಘದ ಕಾರ್ಯದರ್ಶಿಗಳಿಗೆ ಕೊಡಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಈ ವಿಷಯವಾಗಿ ನನ್ನಂಥ ಲೆಕ್ಕಿಗನ ಲೇಖನಕ್ಕೆ ಬದಲು, ಆ ಮಕ್ಕಳಲ್ಲಿ ಒಬ್ಬರು ಕನ್ನಡದಲ್ಲಿ ತಾವೇ ಬರೆದ ಅರ್ಧ ಪುಟ ಅಚ್ಚಾಗಲಿ. ತಪ್ಪುಗಳಿದ್ದರೆ ಇರಲಿ, ಅವನ್ನು ತಿದ್ದಲು ಮನೆಯಲ್ಲಿ ಹಿರಿಯರಿದ್ದಾರೆ.